ರೊಟ್ಟಿ ಮುರಿಯದ ಚೀಲ

ಚೀಲ ಕೊಳ್ಳಲು ಅಂಗಡಿಗೆ ಹೋಗುವಾಗ ಉಳಿದ ಜನ ಏನು ಒಯ್ಯುತ್ತಾರೋ ನನಗೆ ಗೊತ್ತಿಲ್ಲ. ನಾನು ಒಂದು ಖಡಕ್ ರೊಟ್ಟಿ ಒಯ್ದಿದ್ದೆ. ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎರಡು ದೊಡ್ಡ ತಾಟುಗಳ ನಡುವೆ ಇಟ್ಟು, ಎದೆಗವಚಿಕೊಂಡು ಆಳಂದ ಬಸ್ ಸ್ಟ್ಯಾಂಡಿನ ಹತ್ತಿರದ ಚೀಲದಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯವನು ನಾನು ಯಾರಿಗೋ ಬುತ್ತಿ ತಂದಿದ್ದೇನೆ ಅಂದುಕೊಂಡು ಕುರ್ಚಿ ಎಳೆದು ಹಾಕಿದ.

"ಇದು ಹಿಡಿಯೋ ಚೀಲ ತೋರಸ್ರಿ. ಬೆನ್ನಿಗೆ ಹಾಕ್ಕೋಬೇಕು, ಒಳಗ ರೊಟ್ಟಿ ಮುರೀಬಾರದು" ಅಂದೆ.

ಅವನು ರೊಟ್ಟಿ ನೋಡಿದ, ಆಮೇಲೆ ನನ್ನನ್ನು ನೋಡಿದ. "ಟೀಚರ್ರ, ಲ್ಯಾಪ್‌ಟಾಪ್ ತಂದು ಅಳತಿ ನೋಡೋ ಮಂದೀನ ನೋಡೇನ್ರಿ. ರೊಟ್ಟಿ ತಂದೋರು ನೀವ ಮೊದಲಿನವ್ರು."

ನಗಲಿ ಬಿಡಿ. ನನ್ನ ಅತ್ತೆ ನಿಂಬರ್ಗಾದ ಹೆಣ್ಣುಮಗಳು. ಅವರ ರೊಟ್ಟಿ ಖಾನಾವಳಿಯಲ್ಲಿ ಕೊಡುವ ಅಂಗೈಯಗಲದ ವಸ್ತುವಲ್ಲ. ಬಡಿದು ಬಡಿದು, ಬೇಯಿಸಿ, ಒಣಗಿಸಿ ಇಟ್ಟರೆ ಒಂದು ಮೊರದಷ್ಟಗಲ ಬರುತ್ತದೆ. ತಿಂಗಳಾದರೂ ಕೆಡುವುದಿಲ್ಲ, ಆದರೆ ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ಮುರಿಯುತ್ತದೆ. ಅಂಗಡಿಯವನು ಕಾರ್ಟೂನಿನ ಬೆಕ್ಕಿದ್ದ ಶಾಲೆಯ ಚೀಲದಿಂದ ಹಿಡಿದು ದುಬೈಗೆ ಹೋಗುವವರ ಸೂಟ್‌ಕೇಸಿನವರೆಗೆ ಎಲ್ಲ ತೋರಿಸಿದ. ಬೆನ್ನಿಗೆ ಹಾಕುವ ಚೀಲಗಳಲ್ಲಿ ರೊಟ್ಟಿ ಹೋಗಲಿಲ್ಲ. ರೊಟ್ಟಿ ಹೋಗುವ ಸೂಟ್‌ಕೇಸು ಬೆನ್ನಿಗೆ ಬರಲಿಲ್ಲ. ಕೊನೆಗೆ ಒಂದರಲ್ಲಿ ಅವನೇ ಒತ್ತಿ ತುರುಕಲು ಹೋಗಿ ರೊಟ್ಟಿ ಲಟಕ್ಕೆಂದಿತು. ತುಂಡುಗಳನ್ನು ಇಬ್ಬರೂ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಹಿಂಡಿ ಅವನ ಡಬ್ಬಿಯದು.

ಇಷ್ಟೆಲ್ಲ ಯಾಕೆ ಅಂದರೆ, ಯುಗಾದಿ ಹತ್ತಿರ ಬಂದಿತ್ತು. ನಮ್ಮ ಕಡೆಯ ಮಂದಿ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ನಾವು ಅದನ್ನು ಬರೀ ಪರ್ವತ ಅನ್ನುತ್ತೇವೆ, ಬೇರೆ ಪರ್ವತಗಳು ಲೋಕದಲ್ಲಿ ಇಲ್ಲವೇ ಇಲ್ಲ ಎಂಬಂತೆ. ಅಲ್ಲಿರುವ ದೇವಿ, ಅಮ್ಮ, ನಮ್ಮ ಸೀಮೆಯ ಮಗಳು, ಅವಳ ಗಂಡ ಮಲ್ಲಯ್ಯ ದೇವರು ನಮ್ಮ ಅಳಿಯ. ಹಬ್ಬಕ್ಕೆ ತವರಿನವರು ಮಗಳನ್ನು ಕಂಡು ಬರುವುದು ಪದ್ಧತಿ. ಅತ್ತೆ ಮದುವೆಯಾಗಿ ಬಂದಾಗಿನಿಂದ ಹೋಗುತ್ತಿದ್ದಾರೆ, ಮತ್ತು ಹೋದಾಗಲೆಲ್ಲ ಬುಟ್ಟಿ ತುಂಬ ರೊಟ್ಟಿ ತಲೆಯ ಮೇಲೆ ಹೊತ್ತುಕೊಂಡೇ ಹೋಗುತ್ತಾರೆ. ದಾರಿಯಲ್ಲಿ ಜೊತೆಗೆ ನಡೆಯುವವರಿಗೆ ಅರ್ಧ, ಮಗಳಿಗೆ ಅರ್ಧ.

ಈ ವರ್ಷ ಕಲಬುರಗಿಯ ಡಾಕ್ಟರು ಅವರ ಕುತ್ತಿಗೆಯ ಫೋಟೋ ತೆಗೆಸಿ, ದೀಪದ ಎದುರು ಹಿಡಿದು, "ಎಲುಬು ಸವದಾವ್ರಿ. ನಡೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ತಲಿ ಮ್ಯಾಲ ಇನ್ನ ಏನೂ ಹೊರಬ್ಯಾಡ್ರಿ" ಅಂದರು. ಅತ್ತೆ ಬಹಳ ವಿನಯದಿಂದ "ಹೌದ್ರಿ ಸಾಹೇಬ್ರ" ಅಂದರು. ಹೊರಗೆ ಬಂದರೆ ಬಿಸಿಲು. ಆ ಎಕ್ಸ್‌ರೇ ಇದ್ದ ದೊಡ್ಡ ಲಕೋಟೆಯನ್ನೇ ತಲೆ ಮೇಲೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದರು.

ನನ್ನ ಗಂಡ ತೊಗರಿ ಬೇಳೆಯ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಯಂತ್ರದ ಸದ್ದಿನಲ್ಲಿ ಇದ್ದು ಇದ್ದು ಮಾತಿನ ಮೇಲೆ ನಂಬಿಕೆ ಕಳೆದುಕೊಂಡಿರುವ ಮನುಷ್ಯ. ಅಂದು ಮಾತ್ರ ಧೈರ್ಯ ಮಾಡಿ, "ಯವ್ವಾ, ಈ ಸಲ ಬರಿಗೈಲೆ ನಡಿ. ರೊಟ್ಟಿ ಬ್ಯಾರೆದವ್ರು ಒಯ್ತಾರ" ಅಂದರು.

ಅತ್ತೆ ತಟ್ಟೆ ಸರಿಸಿದರು. "ಮಗಳ ಮನಿಗಿ ಬರಿಗೈಲೆ ಹೋಗ್ತಾರೇನೋ? ನನಗ ದೇವ್ರು ಎರಡು ಗಂಡು ಕೊಟ್ಟ, ನಿನ್ನಂಥವು. ಇರೋ ಹೆಣ್ಮಗಳು ಒಬ್ಬಾಕಿ, ಪರ್ವತದಾಗ ಅದಾಳ. ಆಕೀಗಿ ನನ್ನ ಕೈಲೆ ಬುತ್ತಿ ಮುಟ್ಟಂಗಿಲ್ಲಂದ್ರ ನಾ ಹೋಗೂದ ಬ್ಯಾಡ ಬಿಡು."

ಹೇಳಿದವರು ಹಾಗೇ ಸುಮ್ಮನಾದರು. ಅವರ ಕೂಗಾಟಕ್ಕೆ ನಾನು ಹೊಂದಿಕೊಂಡಿದ್ದೇನೆ, ಮೌನ ನನಗೆ ಹೊಸದು. ಜೋಳ ಹಸನು ಮಾಡುವುದನ್ನು ಬಿಟ್ಟರು. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಬೀದಿ ನೋಡತೊಡಗಿದರು. ನನಗೆ ಸಂಕಟವಾಯಿತು. ಜೊತೆಗೆ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ: ಅವರು ಪರ್ವತಕ್ಕೆ ಹೋಗುವ ದಿನಗಳೇ ನನ್ನ ವರ್ಷದ ರಜೆ. ಆ ದಿನಗಳಲ್ಲಿ ನಾನು ಚಹಾಕ್ಕೆ ನನಗೆ ಬೇಕಾದಷ್ಟು ಸಕ್ಕರೆ ಹಾಕಿಕೊಳ್ಳುತ್ತೇನೆ. ಆದ್ದರಿಂದ ಅವರು ಹೋಗಲೇಬೇಕಿತ್ತು.

ಡಾಕ್ಟರಿಗೆ ಫೋನ್ ಮಾಡಿ, ಬೆನ್ನ ಮೇಲೆ ಹೊರಬಹುದೇ ಎಂದು ಕೇಳಿದೆ. ಭಾರ ಕುತ್ತಿಗೆಗೂ ಹೆಗಲಿಗೂ ಬೀಳದೆ ಸೊಂಟದ ಮೇಲೆ ಕೂತರೆ ಅಡ್ಡಿಯಿಲ್ಲ, ಹಾಗೆ ಕೂರಿಸುವ ಚೌಕಟ್ಟಿನ ಚೀಲಗಳು ಬರುತ್ತವೆ, ನೋಡಿ ತರಿಸಿರಿ ಅಂದರು. ಹೀಗೆ ನಾನು ರೊಟ್ಟಿ ಹಿಡಿದು ಅಂಗಡಿ ಮೆಟ್ಟಿಲು ಹತ್ತಿದ್ದು.

ರೊಟ್ಟಿ ಮುರಿದ ಸುದ್ದಿ ಅಫಜಲಪುರದಲ್ಲಿರುವ ಮೈದುನನಿಗೆ ಮುಟ್ಟಿತು. ಅವನು ಕಬ್ಬು, ತೊಗರಿ ಬೆಳೆಯುವವನು. ಯಾವ ಕಷ್ಟಕ್ಕೂ ಅವನ ಹೊಲದಲ್ಲಿ ಒಂದು ಸಾಮಾನು ಇದ್ದೇ ಇರುತ್ತದೆ. ಮರುದಿನವೇ ಬಸ್ಸಿನಲ್ಲಿ ಒಂದು ಗಂಟು ಹೊತ್ತು ತಂದು ಅಂಗಳದಲ್ಲಿ ಬಿಚ್ಚಿದ. ತೊಗರಿಗೆ ಔಷಧ ಹೊಡೆಯುವ ಪಂಪು, ಔಷಧ ತುಂಬುವ ಟಾಕಿ ಬಿಚ್ಚಿದ್ದು. ಬೆನ್ನಿಗೆ ಹಾಕುವ ಪಟ್ಟಿ, ಹಿಂದೆ ಚೌಕಟ್ಟು, ಕೆಳಗೆ ಟಾಕಿ ಕೂರುವ ತಟ್ಟೆ, ಎಲ್ಲ ಇತ್ತು.

"ವೈನೀ, ಇಂಥಾದ್ದ ಅಲ್ಲೇನು ಡಾಕ್ಟರ್ ಹೇಳಿದ್ದು? ಸುಮ್ಮ ರೊಕ್ಕ ಯಾಕ ಹಾಳ ಮಾಡ್ತೀರಿ? ಟಾಕಿ ಜಾಗಾದಾಗ ರೊಟ್ಟಿ ಕಟ್ರಿ."

ಅತ್ತೆ ಬಂದು ಮೂಸಿ ನೋಡಿದರು. "ಲೇ, ಎಷ್ಟು ಸಲ ತೊಳದಿ?"

"ಎರಡು ಸಲ, ಯವ್ವಾ."

"ಹೌದಾ? ಹಂಗಾರ ಈ ರೊಟ್ಟಿ ತಿಂದ ಮಂದಿ ಪರ್ವತದ ತನಕ ನಡಿಯೂ ಕೆಲಸಾನ ಇಲ್ಲ. ಅರ್ಧ ದಾರ್‍ಯಾಗ ನೆಟ್ಟಗ ಮಲ್ಲಯ್ಯನ ಪಾದಾನ ಸೇರ್ತಾರ."

ಮೈದುನ ಮುಖ ಸಣ್ಣದು ಮಾಡಿಕೊಂಡು ಪಂಪು ಕಟ್ಟಿಕೊಂಡ. ಆದರೆ ಎಷ್ಟೋ ದಿನದ ಮೇಲೆ ಅತ್ತೆ ಬೈದಿದ್ದರು. ಆ ಉಪಕಾರ ಅವನದು.

ಉಳಿದದ್ದು ಮೊಬೈಲು. ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಕೂತು ಹುಡುಕಿದೆ. ಚೌಕಟ್ಟಿನ ಚೀಲಗಳಲ್ಲಿ ಇಷ್ಟು ಜಾತಿ ಇವೆಯೆಂದು ನನಗೆ ಗೊತ್ತಿರಲಿಲ್ಲ. ಎಲ್ಲ ಎತ್ತರಕ್ಕೆ ಉದ್ದ, ಅಗಲಕ್ಕೆ ಬಡವು. ಅವುಗಳನ್ನು ಮಾಡುವ ಮಂದಿ ಚಪಾತಿ ತಿನ್ನುವವರಿರಬೇಕು. ನಾನು ಎಲ್ಲರೂ ಓದುವ ವಿವರಗಳನ್ನು ಬಿಟ್ಟು ನೇರ ಅಗಲ ನೋಡುತ್ತಿದ್ದೆ. ಕೊನೆಗೆ ಒಂದು ಸಿಕ್ಕಿತು. ಅಲ್ಯೂಮಿನಿಯಂ ಚೌಕಟ್ಟು, ದಪ್ಪನೆಯ ಸೊಂಟದ ಪಟ್ಟಿ, ಎಲ್ಲಕ್ಕಿಂತ ಮಿಗಿಲಾಗಿ ಚೌಕಟ್ಟಿನ ಬುಡದಲ್ಲಿ ಹೊರಚಾಚಿದ ಒಂದು ಹಲಗೆ, ಭಾರ ಇಟ್ಟು ಬಿಗಿಯಲು. ರೊಟ್ಟಿಗೆಂದೇ ಮಾಡಿದ್ದು! ಚಿತ್ರದಲ್ಲಿ ಅದನ್ನು ಹೊತ್ತು ಒಬ್ಬ ಬೆಟ್ಟದ ಮೇಲೆ ನಿಂತಿದ್ದ. ಉದ್ದನೆ ಗಡ್ಡ, ಬಿಸಿಲಿಗೆ ಸುಟ್ಟ ಮುಖ, ಹಿಂದಿನಿಂದ ಇಣುಕುವ ಕೋಲು. ಪಾಪ, ಅವನೂ ಯಾವುದೋ ದೇವರಿಗೆ ನಡೆದು ಹೊರಟವನೇ ಅನ್ನಿಸಿತು. ಕೋಲಲ್ಲ, ಬಂದೂಕಿನ ತುದಿ ಎಂದು ತಿಳಿದಾಗ ಚೀಲ ಮನೆಗೆ ಬಂದಾಗಿತ್ತು.

ಬಂದ ದಿನ ಮಾತ್ರ ಹಬ್ಬ. ಚೀಲದ ತುಂಬ ಎಲೆ ಎಲೆಯ ಚಿತ್ತಾರ, ಹಸಿರು, ಕಂದು. ಅತ್ತೆ ಅದನ್ನು ಸವರಿ ಸವರಿ ನೋಡಿ, "ನೋಡ ಬೇ, ಎಂಥಾ ಪುಣ್ಯಾತ್ಮರು, ಚೀಲದ ತುಂಬ ಬಿಲ್ವಪತ್ರಿ ಹಾಕ್ಯಾರ" ಅಂದರು. ಹಲಗೆಯ ಮೇಲೆ ರೊಟ್ಟಿಯ ಅಡಕಲು ಇಟ್ಟು, ಮೇಲೆ ಬಟ್ಟೆ ಸುತ್ತಿ, ಪಟ್ಟಿ ಬಿಗಿದು ನನ್ನ ಗಂಡನ ಬೆನ್ನಿಗೆ ಏರಿಸಿದೆವು. ಅತ್ತೆ ಹೇಳಿದಂತೆಲ್ಲ ಅವರು ಅಂಗಳದಲ್ಲಿ ನಡೆದರು, ಕೂತರು, ಎದ್ದರು, ಕೊನೆಗೆ ಕುಣಿದರು. ಎದುರುಮನೆಯವರು ಹೊರಗೆ ಬಂದು ನಿಂತು ನೋಡಿದರು. ಬಿಚ್ಚಿ ನೋಡಿದರೆ ಒಂದೇ ಒಂದು ರೊಟ್ಟಿ ಮುರಿದಿರಲಿಲ್ಲ. ಅತ್ತೆ ಅಂದೇ ಮತ್ತೆ ಜೋಳ ಹಸನು ಮಾಡಲು ಕೂತರು.

ಸೊಂಟದ ಪಟ್ಟಿಯೊಂದು ಸಮಸ್ಯೆ. ಅದು ಆ ಗಡ್ಡದವನ ಸೊಂಟಕ್ಕೆ ಮಾಡಿದ್ದು. ಅತ್ತೆಗೆ ಎರಡು ಸುತ್ತು ಬರುತ್ತಿತ್ತು. ಕತ್ತರಿಸಿ ಹೊಲಿಸಲು ಚೀಲದ ಜಿಪ್ಪು ಹಾಕುವ ಚಾಚಾನ ಹತ್ತಿರ ಇಬ್ಬರೂ ಹೋದೆವು. ಅವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಜೇಬಿಗೆ ಕೈ ಹಾಕಿ, ನಾನು ನೋಡದೇ ಇದ್ದ ಒಂದು ಚಿತ್ರದ ಪುಸ್ತಕ ಹೊರಗೆ ತೆಗೆದರು. ಪುಟ ಮಗುಚಿದರು. ಹುಬ್ಬು ಮೇಲೇರಿತು.

"ಅರೇ ಅಮ್ಮಾ! ಏ ತೋ ಶಿಕಾರ್ ಕಾ ಥೈಲಾ ಹೈ! ಶಿಕಾರಿ ಚೀಲ ಅದರೀ ಇದು. ನೋಡ್ರಿ, ಇಲ್ಲಿ ಛಾಕು, ಇಲ್ಲಿ ಬಂದೂಕ. ನೀವು ಛತ್ರಿ ಇಟ್ಟೀರಲ್ಲ, ಅಲ್ಲಿ. ಮತ್ತ ಈ ಹಲಗಿ ಮ್ಯಾಲ..." ಅಂದವರು ಅತ್ತೆಯ ಹಣೆಯ ವಿಭೂತಿ ನೋಡಿ ತಡೆದರು.

"ಹಲಗಿ ಮ್ಯಾಲ ಏನು?" ಅತ್ತೆ ಕೇಳಿದರು.

"ಜಿಂಕಿ, ಅಮ್ಮಾ."

"ಜೀವಂತ?"

ಚಾಚಾ ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದರು, ನೀವೇ ಹೇಳ್ರಿ ಎಂಬಂತೆ. ಬಿಲ್ವಪತ್ರೆಯ ಗುಟ್ಟೂ ಆಗ ಬಯಲಾಯಿತು. ಗಿಡದ ಮರೆಯಲ್ಲಿ ಬೇಟೆಗಾರ ಜಿಂಕೆಗೆ ಕಾಣಬಾರದು, ಅದಕ್ಕೆ ಎಲೆ.

ನಮ್ಮದು ಮೊಟ್ಟೆ ಹಾಕಿದ ಕೇಕು ಹೊಸ್ತಿಲು ದಾಟದ ಮನೆ. ಅತ್ತೆ ಚೀಲ ಮುಟ್ಟದೆ ಮುಂದೆ ಮುಂದೆ ನಡೆದರು. ನಾನು ಪಟ್ಟಿ ಹೊಲಿಸಿಕೊಂಡು, ಅದನ್ನು ಹೊತ್ತು, ಊರಿನ ನಡುವೆ ಬೇಟೆಗಾರ್ತಿಯ ಹಾಗೆ ಹಿಂದೆ ಹಿಂದೆ ಬಂದೆ. ಚೀಲ ಹೊರಗೆ ಬೇವಿನ ಗಿಡದ ಕೊಂಬೆಗೆ ಹೋಯಿತು. ಅತ್ತೆ ಮತ್ತೆ ಕಂಬಕ್ಕೆ ಒರಗಿದರು. ಮಾಡಿಟ್ಟ ರೊಟ್ಟಿಯ ಅಡಕಲು ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿತ್ತು. ನಾನು ಆ ಗಡ್ಡದವನನ್ನು ಮನಸ್ಸಿನಲ್ಲಿ ಚೆನ್ನಾಗಿ ಬೈದೆ. ಮನುಷ್ಯ ಎರಡು ರೊಟ್ಟಿ ಹೊತ್ತು ತಿರುಗಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅತ್ತೆ ಆಗಾಗ ಎದ್ದು ಹೋಗಿ ಬೇವಿನ ಗಿಡದ ಕೆಳಗೆ ನಿಂತು ಚೀಲ ನೋಡಿ ಬರುತ್ತಿದ್ದರು. ಒಂದು ಮುಂಜಾನೆ ಹಾಗೇ ನಿಂತು ನನ್ನನ್ನು ಕರೆದರು. "ಬೇ, ಇದರಾಗ ಅವರು ಜಿಂಕಿ ಇಟ್ಟಿದ್ರೇನು?"

"ಇಲ್ರಿ ಅತ್ತಿ. ಹೊಸಾದು. ನಮ್ಮ ರೊಟ್ಟಿ ಬಿಟ್ರ ಏನೂ ಹತ್ತಿಲ್ಲ."

"ಹಂಗಾರ ಇದರದೇನು ತಪ್ಪು ಪಾಪ? ಜೇವರ್ಗಿಗಿ ಒಯ್ಯೂನು. ಅಪ್ಪಾರು ಹೂಂ ಅಂದ್ರ ಹೋಗ್ತೇನಿ, ಇಲ್ಲಾಂದ್ರ ನಿನ್ನ ಕೂಡ ತಿರುಗಿ ಬರ್ತೇನಿ" ಅಂದರು.

ಅತ್ತೆಯ ತಂಡ ಹೊರಡುವುದು ಜೇವರ್ಗಿಯ ಒಂದು ಸಣ್ಣ ಮಠದಿಂದ. ಮಲ್ಲಯ್ಯನ ಕಂಬಿ, ಅಂದರೆ ಹೆಗಲ ಮೇಲೆ ಹೊರುವ ದೇವರ ಅಡ್ಡೆ, ಅಲ್ಲಿರುತ್ತದೆ. ಅದರ ಮುಂದೆ ನಡೆಯುವ ಹಿರಿಯ ಅಯ್ಯನವರನ್ನೇ ಎಲ್ಲರೂ ಅಪ್ಪಾರು ಅನ್ನುವುದು. ಹೊರಡುವ ಹಿಂದಿನ ದಿನ ಬಸ್ಸಿನಲ್ಲಿ ಭೀಮೆಯ ಸೇತುವೆ ದಾಟುವಾಗ ನಾನು ಅತ್ತೆಗೆ ಒಂದು ಉಪಾಯ ಹೇಳಿದೆ: "ಯಾರೂ ಕೇಳೂದಿಲ್ರಿ. ನೀವಾಗೇ ಹೇಳಾಕ ಹೋಗಬ್ಯಾಡ್ರಿ."

"ಮಗಳ ಮನಿಗಿ ಸುಳ್ಳು ಹೊತ್ಕೊಂಡು ಹೋಗ್ಲೇನು?" ಅಂದರು. ಕಿಟಕಿಯ ಕಡೆಯಿದ್ದ ಹೆಂಗಸು ನನ್ನನ್ನು ಒಂಥರಾ ನೋಡಿದಳು.

ಮಠದ ಕಟ್ಟೆಯ ಮೇಲೆ ಚೀಲ ಇಳಿಸಿ ಅತ್ತೆ ಎಲ್ಲವನ್ನೂ ಹೇಳಿಬಿಟ್ಟರು. ಜಿಂಕೆ, ಬಂದೂಕು, ಎಲೆ. ಪುಸ್ತಕವನ್ನೂ ಎತ್ತಿ ಕೊಟ್ಟರು. ತಂಡದ ಮಂದಿ ಸುತ್ತ ನೆರೆದರು. ಅವರಲ್ಲಿ ಅಫಜಲಪುರದ ಕಡೆಯ ಒಬ್ಬ ವಯಸ್ಸಾದ ಮುತ್ಯಾ ಇದ್ದರು, ತಂಡದ ಶಿಸ್ತು ತಮ್ಮೊಬ್ಬರಿಂದಲೇ ನಿಂತಿದೆ ಎಂದು ತಿಳಿದವರು. "ಚರ್ಮದ ಚಪ್ಪಲಿ ಸೈತ ತರಬಾರದು ಕಂಬಿ ಕೂಡ. ಶಿಕಾರಿ ಚೀಲ ತರ್ತಾರೇನು? ನಾಳೆ ಬಂದೂಕ ತಂದ್ರ?" ಅಂದರು.

ಅಪ್ಪಾರು ಪುಸ್ತಕ ಮುಚ್ಚಿ ಬದಿಗಿಟ್ಟರು. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರರು, ಹಾಗಾಗಿ ಯಾವುದನ್ನೂ ಬೇಗ ಹೇಳಲಾರರು. ಕೊನೆಗೆ, "ಯವ್ವಾ, ಹಿಂಗ ಮಾಡ. ನೀ ನಡಿ. ಹಾಸಗಿ, ನೀರು ತರೂ ಟೆಂಪೋ ಹಿಂದ ಬರ್ತದ. ರೊಟ್ಟಿ ಅದರಾಗ ಇಡು" ಅಂದರು.

"ಮಗಳ ಬುತ್ತಿ ಟೆಂಪೋದಾಗ ಕಳಿಸ್ತಾರೇನ್ರಿ, ಅಪ್ಪಾರ?"

ಅತ್ತೆಯ ದನಿ ಒಡೆದಿತ್ತು. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚಿಸತೊಡಗಿದೆ, ಇಬ್ಬರಿಗೂ ತಿರುಗಿ ಹೋಗಲು. ನನ್ನ ರಜೆ ಹೋಯಿತೆಂದು ನೆನಪಾಗಲೇ ಇಲ್ಲ. ಆ ಟೆಂಪೋವನ್ನು ಭೀಮೆಗೆ ನೂಕಬೇಕು ಅನ್ನಿಸುತ್ತಿತ್ತು.

ಅಷ್ಟರಲ್ಲಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಸಂತೆಯಲ್ಲಿ ಚೌಕಾಸಿಗೆ ನಿಲ್ಲುವ ಹಾಗೆ ನಿಂತರು.

"ಅಪ್ಪಾರ, ಒಂದು ಮಾತು ಕೇಳ್ತೇನಿ. ಮಲ್ಲಯ್ಯ ಯಾರ ಮನಿ ಅಳಿಯ?"

"ನಮ್ಮ ಸೀಮಿ ಅಳಿಯ, ಯವ್ವಾ."

"ಬರೀ ನಮ್ಮ ಸೀಮಿ ಅಳಿಯನೇನು? ಅಡವ್ಯಾಗ ಇನ್ನೊಂದು ಮನಿ ಇಲ್ಲೇನು ಆತಂದು?"

ಒಂದಿಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದರು. ಪರ್ವತದ ಸುತ್ತಿನ ಕಾಡಿನಲ್ಲಿ ಚೆಂಚರು ಇರುತ್ತಾರೆ, ಬಿಲ್ಲು ಬಾಣದ ಮಂದಿ. ಮಲ್ಲಯ್ಯ ಬೇಟೆಗೆ ಹೋದವನು ಅವರ ಹುಡುಗಿಯನ್ನು ಮೆಚ್ಚಿ ಮದುವೆಯಾದನೆಂದು ಅವರೂ ಹೇಳುತ್ತಾರೆ, ನಾವೂ ಕೇಳಿದ್ದೇವೆ. ಅಳಿಯನೆಂದು ಅವರೂ ಕರೆಯುತ್ತಾರೆ.

"ಅದ," ಅಂದರು ಅಪ್ಪಾರು, ಎಚ್ಚರದಿಂದ.

"ಅವರು ಶಿಕಾರಿ ಮಂದಿ. ಅವರ ಮನಿ ಊಟ ಉಂಡಾನ ಅಳಿಯ. ನನ್ನ ಮಗಳ ಮ್ಯಾಲ ಸವತಿ ತಂದಾನ. ಇಷ್ಟು ವರ್ಷ ನಡದೇನಿ, ಯಾಕ ತಂದಿ ಅಂತ ಒಂದು ದಿನ ಜಗಳಾ ತಗದೇನೇನ್ರಿ? ಹೋಗ್ಲಿ ಅಂತ ಸುಮ್ನಿದ್ದೇನಿ. ನಾ ಸವತೀನ ಸೈಸಿಕೊಂಡೇನಿ, ಅಂವ ಒಂದು ಚೀಲ ಸೈಸಿಕೊಳ್ಳೂದಿಲ್ಲೇನು?"

ಅಪ್ಪಾರು ನಗು ತಡೆಯಲು ಬಹಳ ನೋಡಿದರು. ಮೊದಲು ಹೆಗಲು ಅಲುಗಿತು, ಆಮೇಲೆ ಗಡ್ಡ, ಆಮೇಲೆ ಕಟ್ಟೆಗೆ ಕಟ್ಟೆಯೇ ನಕ್ಕಿತು. ಕಣ್ಣು ಒರೆಸಿಕೊಂಡು ಅವರು ವಿಭೂತಿ ಗಟ್ಟಿ ಎತ್ತಿ, ಚೀಲದ ಎಲೆಗಳ ಮೇಲೆ ಮೂರು ಬೆರಳು ಎಳೆದರು. "ಹೊರ್ರಿ ಯವ್ವಾ. ಮಾಲಕ ಮಲ್ಲಯ್ಯ ಏನರ ಅಂದ್ರ ನಾ ಹೇಳ್ತೇನಿ."

ಮುತ್ಯಾ ಒಬ್ಬರೇ ನಗದೆ ಚೀಲದ ಸುತ್ತ ಒಂದು ಸುತ್ತು ಬಂದರು. ಹಲಗೆ ಒತ್ತಿ ನೋಡಿದರು. ಪಟ್ಟಿ ಜಗ್ಗಿ ನೋಡಿದರು. "ಗಟ್ಟಿ ಅದ. ನನ್ನ ಹೊದಿಕಿ ಹಿಡೀತದೇನು ನೋಡ ತಂಗಿ" ಅಂದರು.

ಮರುದಿನ ಬೆಳಕು ಹರಿಯುತ್ತಲೇ ಕಂಬಿ ಎದ್ದಿತು. ಪ್ರತಿ ವರ್ಷ ಬುಟ್ಟಿ ಎತ್ತಿ ಅತ್ತೆಯ ತಲೆಗೆ ಏರಿಸುವುದು ನನ್ನ ಕೆಲಸ. ಈ ಸಲ ಅವರು ಶಾಲೆಗೆ ಹೊರಟ ಮಗುವಿನಂತೆ ಎರಡೂ ಕೈ ಹಿಂದಕ್ಕೆ ಚಾಚಿದರು, ನಾನು ಚೀಲ ತೊಡಿಸಿದೆ. ಇಳಕಲ್ ಸೀರೆಯ ಮೇಲೆ ಸೊಂಟದ ಪಟ್ಟಿ ಬಿಗಿದು ಕೊಂಡಿ ಹಾಕಿದೆ. ಭಾರ ಎಲ್ಲಿ ಬಿತ್ತು ಎಂದು ಕೇಳಿದೆ. ಸೊಂಟ ತಟ್ಟಿ ತೋರಿಸಿದರು. "ಬರ್ತೇನಿ" ಅಂದರು, ಹೊರಟರು.

ಒಂದಷ್ಟು ದೂರ ಹೋದವರು ನಿಂತು ತಿರುಗಿ ನೋಡಿದರು.

ನನಗೆ ಏನೋ ಮರೆತಿದ್ದಾರೆ ಅನ್ನಿಸಿತು. ಏನೂ ಮರೆತಿರಲಿಲ್ಲ. ಎಷ್ಟೋ ವರ್ಷದಿಂದ ಇದೇ ಜಾಗದಲ್ಲಿ ನಿಂತು ಅವರ ಬೆನ್ನು ನೋಡಿದ್ದೇನೆ. ಒಮ್ಮೆಯೂ ತಿರುಗಿದವರಲ್ಲ. ಮನೆ ಬಿಟ್ಟರೆ ಸಾಕು ಅನ್ನುವಂತೆ ಹೋಗುತ್ತಾರೆ ಎಂದು ಗಂಡನ ಮುಂದೆ ಆಡಿಕೊಂಡದ್ದೂ ಉಂಟು. ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತವರ ಕುತ್ತಿಗೆ ಹಿಂದಕ್ಕೆ ಹೊರಳುವುದಿಲ್ಲ, ಅಷ್ಟೇ.

"ಹೋಗಿ ಉಣ್ಣ ಬೇ, ಹಸಗೊಂಡು ಕೂಡಬ್ಯಾಡ!" ಎಂದು ಅಲ್ಲಿಂದಲೇ ಕೂಗಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ, "ಬಸ್ಸಿನ್ಯಾಗ ಕಿಡಕಿ ಕಡೆ ಕೂಡು!" ಅಂದರು. ಮತ್ತೆ ತಿರುಗಿದರು, ಈ ಸಲ ಹೇಳಲು ಏನೂ ಉಳಿದಿರಲಿಲ್ಲ, ಸುಮ್ಮನೆ ಎರಡೂ ಕೈ ಎತ್ತಿ ಬೀಸಿದರು. ಅವರು ತಿರುಗಿದಾಗಲೆಲ್ಲ ಚೀಲವೂ ತಿರುಗಿ, ಬಂದೂಕಿನ ಜಾಗದ ಛತ್ರಿ ಹಿಂದಿನಿಂದ ಬರುತ್ತಿದ್ದ ಮುತ್ಯಾನಿಗೆ ತಾಗುತ್ತಿತ್ತು. ಮುತ್ಯಾ ಬೈಯುವುದು ನನಗೆ ಕೇಳುತ್ತಿತ್ತು.

ಕಲಬುರಗಿಯ ಬಸ್ಸು ಬಂದು ನನ್ನ ಎದುರಿಗೇ ನಿಂತಿತು. ಕಂಡಕ್ಟರ್ ಎರಡು ಸಲ ಕರೆದ. ನಾನು ಹತ್ತಲಿಲ್ಲ. ಬಸ್ಸು ಅಡ್ಡ ಬಂದು ರಸ್ತೆ ಕಾಣುತ್ತಿರಲಿಲ್ಲ, ಅವರು ಇನ್ನೊಮ್ಮೆ ತಿರುಗಿದರೆ ಕಾಣಲು ನಾನು ಅಲ್ಲಿ ಇರಬೇಕಿತ್ತು.